ಚಂದ್ರಿ ಈದ ಸುದ್ದಿ

ಈರೇಶನಿಗೆ ಮಾತು ಕಡಿಮೆ. ಪಾಳಾ ಊರಿನಲ್ಲಿ ಅವನನ್ನು ಬಲ್ಲವರು ಮೊದಲು ಹೇಳುವುದು ಇದನ್ನೇ. ಆಮೇಲೆ ಅವನ ಗೌಂಡಿ ಕೆಲಸದ ಮಾತು. ಅವನು ಕಟ್ಟಿದ ಗೋಡೆಗೆ ಓಳಂಬ ಇಳಿಬಿಟ್ಟು ನೋಡಿದರೆ ಒಂದು ನೂಲೂ ಆಚೀಚೆ ಇರುವುದಿಲ್ಲ. ಊರಲ್ಲಿ ಹತ್ತಿಪ್ಪತ್ತು ಮನೆ, ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಉದ್ದುದ್ದ ಕಂಪೌಂಡು, ಗೋವಾದಲ್ಲಿ ಅವನಿಗೇ ನೆನಪಿಲ್ಲದಷ್ಟು ಗೋಡೆಗಳು ಅವನ ಕೈಯಿಂದ ಎದ್ದಿವೆ. ಏಳನೇ ಇಯತ್ತೆಗೆ ಸಾಲೆ ಬಿಟ್ಟು ಕಲ್ಲು ಹೊರಲು ನಿಂತವನಿಗೆ ಈಗ ಮೂವತ್ತಾರು ವರ್ಷ. ತಂದೆತಾಯಿ ತೀರಿಕೊಂಡಿದ್ದಾರೆ. ಎರಡು ಅಂಕಣದ ಮನೆ, ಹಿಂದೆ ದನದ ಮನೆ, ಅದರಲ್ಲಿ ಒಂದು ಆಕಳು.

ಆಕಳು ಅವನದಲ್ಲ, ಸುಮಿತಾಳದು. ಏಳು ವರ್ಷದ ಹಿಂದೆ ಹಳಿಯಾಳದ ಕಡೆಯಿಂದ ಅವಳು ಮದುವೆಯಾಗಿ ಬಂದಾಗ ತವರಿನವರು ಬಳುವಳಿ ಎಂದು ಒಂದು ಜರ್ಸಿ ಕಡಸನ್ನು ಟೆಂಪೋದಲ್ಲಿ ತಂದು ಕಟ್ಟಿದ್ದರು. ಹಣೆಯ ಮೇಲೆ ಬಿಳಿ ಬೊಟ್ಟಿತ್ತು. ಚಂದ್ರಿ ಎಂದು ಅವಳೇ ಹೆಸರಿಟ್ಟಳು. ಸೋಮವಾರಕ್ಕೊಮ್ಮೆ ಮೈ ತೊಳೆದು ಹಣೆಗೆ ವಿಭೂತಿ ಹಚ್ಚುತ್ತಿದ್ದಳು.

ಆ ಮದುವೆ ಮುರಿದದ್ದು ಕುಡಿತದಿಂದಲ್ಲ, ಹೊಡೆತದಿಂದಲ್ಲ. ನಾಲ್ಕನೇ ವರ್ಷ ಐದು ತಿಂಗಳಾಗಿದ್ದ ಸುಮಿತಾಳ ಬಸಿರು ಇಳಿದುಹೋಯಿತು. ಈರೇಶ ಆಗ ಗೋವಾದ ಮಡಗಾಂವದಲ್ಲಿ ಕೆಲಸದ ಮೇಲಿದ್ದ. ಫೋನು ಹೋದ ಮರುದಿನ ಬಂದ. ದವಾಖಾನೆಯ ಮಂಚದ ಕಾಲುಗಡೆ ನಿಂತ. ಎಳನೀರು ತಂದಿಟ್ಟ. ಮೂರನೆಯ ದಿನ, ಸ್ಲ್ಯಾಬು ಹಾಕುವುದಿದೆ ಎಂದು ತಿರುಗಿ ಹೋದ. ಮುಂದೆ ಆ ಮನೆಯಲ್ಲಿ ಆ ಮಾತು ಬರಲೇ ಇಲ್ಲ. ಸುಮಿತಾ ಎತ್ತಿದರೆ ಅವನು ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಎರಡು ವರ್ಷ ಹೀಗೇ ನಡೆದು, ಹಿರಿಯರು ಕೂಡುವ ಹೊತ್ತು ಬಂತು. ಅಲ್ಲಿ ಅವಳು ದೂರು ಹೇಳಲಿಲ್ಲ. ಇಷ್ಟೇ ಅಂದಳು.

“ಗ್ವಾಡಿ ಕಟ್ಟಿ ಕಟ್ಟಿ ಅವರೂ ಗ್ವಾಡಿನ ಆಗ್ಯಾರ್ರೀ. ಗ್ವಾಡಿ ಕೂಡ ಎಷ್ಟ ದಿನ ಮಾತಾಡ್ಲಿ ನಾ?”

ಯಾರೋ ನಕ್ಕರು. ಈರೇಶ ನಗಲಿಲ್ಲ. ಅಲ್ಲ ಅನ್ನಲೂ ಇಲ್ಲ.

ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಸಹಿ ಮಾಡಿದರು. ತಿಜೋರಿ, ಮಂಚ, ಹಿತ್ತಾಳೆ ಕೊಡ, ಹೊಲಿಗೆ ಮಷೀನು ಹೀಗೆ ಅವಳ ತವರಿನದೆಲ್ಲ ತಿರುಗಿ ಹೋಯಿತು. ಚಂದ್ರಿ ಮಾತ್ರ ಉಳಿಯಿತು. ಅದಕ್ಕೆ ಆಗ ಏಳು ತಿಂಗಳು ತುಂಬಿತ್ತು. ಗಬ್ಬದ ಆಕಳನ್ನು ಆ ಕೆಟ್ಟ ರಸ್ತೆಯಲ್ಲಿ ಟೆಂಪೋ ಹತ್ತಿಸುವುದು ಬೇಡವೆಂದು ಊರಿನ ಹಿರಿಯ ಶಿವಲಿಂಗಪ್ಪನವರು ಹೇಳಿದರು. ಈದ ಹತ್ತು ದಿನಕ್ಕೆ ತಾಯಿ, ಕರು ಎರಡೂ ಸುಮಿತಾಳ ಮನೆ ಸೇರಬೇಕು, ಅಲ್ಲಿಯವರೆಗೆ ಈರೇಶ ಜ್ವಾಕಿ ಮಾಡಬೇಕು. ಎರಡೂ ಕಡೆಯವರು ಒಪ್ಪಿದರು.

ಅವಳು ತವರಿಗೆ ಹೋದ ಮೇಲಿನ ಮೊದಲ ಸೋಮವಾರ ಸಂಜೆ ಆರಕ್ಕೆ ಸುಮಿತಾಳ ಫೋನು ಬಂತು.

“ಚಂದ್ರಿ ಹೆಂಗದಾಳ್ರೀ?”

“ಅದಾಳ.”

“ಮೇವ ತಿಂತಾಳ?”

“ತಿಂತಾಳ.”

ಅವತ್ತು ಅಷ್ಟೇ. ಎರಡನೆಯ ಸೋಮವಾರ ಇನ್ನೆರಡು ಮಾತು ಹೆಚ್ಚಾದವು. ಬರಬರುತ್ತ ಈರೇಶ ಸೋಮವಾರಕ್ಕಾಗಿ ಸುದ್ದಿ ಕೂಡಿಹಾಕತೊಡಗಿದ. ಹೊಸ ಹುಲ್ಲಿಗೆ ಮೂತಿ ತಿರುವಿದ್ದು, ಪಕ್ಕದ ಮನೆಯ ನೀಲಕ್ಕನ ಸೀರೆ ಸೆರಗು ಜಗಿದದ್ದು, ಕೆಚ್ಚಲು ಇಳಿದದ್ದು, ಎಲ್ಲವನ್ನೂ ನೆನಪಿಟ್ಟುಕೊಂಡು ಹೇಳುತ್ತಿದ್ದ. ಸೆರಗಿನ ಸುದ್ದಿಗೆ ಅವಳು ಒಮ್ಮೆ ನಕ್ಕಳು. ಐದು ನಿಮಿಷ, ಆರು ನಿಮಿಷ ಮಾತಾಗುತ್ತಿತ್ತು. ಕೂಡಿ ಬಾಳಿದ ದಿನಗಳಲ್ಲಿ ವಾರಕ್ಕೆ ಅಷ್ಟು ಮಾತು ಆಡಿದವನಲ್ಲ ಅವನು. ಕೆಲಸದ ಮೇಲೆ ಸಿಮೆಂಟು ಕಲಸುತ್ತಿರುವಾಗ ಒಂದು ಲೆಕ್ಕ ಅವನ ಎದೆಗೆ ಬಂದು ಬಡಿಯುತ್ತಿತ್ತು. ಈಯುವುದಕ್ಕೆ ಇನ್ನು ಐದು ಸೋಮವಾರ, ಇನ್ನು ಮೂರು. ಆಮೇಲೆ ಚಂದ್ರಿಯನ್ನು ಕೇಳಲು ಅವಳು ಇಲ್ಲಿಗೇಕೆ ಫೋನು ಮಾಡುತ್ತಾಳೆ?

ಎಣಿಸಿದ್ದ ದಿನಕ್ಕಿಂತ ಆರು ದಿನ ಮೊದಲೇ, ಒಂದು ರವಿವಾರ ನಸುಕಿನಲ್ಲಿ ಚಂದ್ರಿ ಈದಿತು. ಹೆಣ್ಣುಗರು. ತಾಯಿಯ ಬಣ್ಣ, ಹಣೆಯ ಬೊಟ್ಟು ಮಾತ್ರ ಇಲ್ಲ. ಈರೇಶ ಗೋಣಿತಟ್ಟಿನಿಂದ ಕರುವಿನ ಮೈ ಒರೆಸಿದ, ಗೊರಸು ಚಿವುಟಿದ, ಮೊಲೆಗೆ ಹಚ್ಚಿದ. ಫೋನು ಕೈಗೆ ತೆಗೆದುಕೊಂಡು ಸುಮಿತಾಳ ಹೆಸರಿನವರೆಗೆ ಬಂದ. ಹೆಬ್ಬೆರಳು ಅಲ್ಲೇ ನಿಂತಿತು. ಇವತ್ತಿನಿಂದ ಹತ್ತೇ ದಿನ ಎಂದು ಎಣಿಸಿದ. ಫೋನನ್ನು ತಿರುಗಿ ಜೇಬಿಗೆ ಹಾಕಿದ.

ನಾಳೆ ಹೇಳಿದರಾಯಿತು ಎಂದುಕೊಂಡದ್ದು ಅಷ್ಟೇ. ಆದರೆ ಹಳ್ಳಿಯಲ್ಲಿ ಆಕಳು ಈದದ್ದನ್ನು ಒಂದು ದಿನ ಮುಚ್ಚಿಡುವುದೂ ಸುಲಭವಲ್ಲ. ಮಾಸನ್ನು ಹುಲ್ಲಿನಲ್ಲಿ ಸುತ್ತಿ ಊರ ಹೊರಗಿನ ಆಲದ ಮರಕ್ಕೆ ಕಟ್ಟಬೇಕು. ಹಾಲಿನ ಮರಕ್ಕೆ ಕಟ್ಟಿದರೆ ಆಕಳಿಗೆ ಹಾಲು ಹೆಚ್ಚು ಎನ್ನುತ್ತಾರೆ. ಕಟ್ಟಲು ಹೋದರೆ ದಾರಿಯಲ್ಲಿ ಹತ್ತು ಮಂದಿ ಕೇಳುತ್ತಾರೆ. ಅವನು ಅದನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂತ. ಮೊದಲ ಹಾಲಿನ ಗಿಣ್ಣ ಮಾಡಿ ಐದು ಮನೆಗೆ ಹಂಚಬೇಕು. ಹಂಚಿದರೆ ಮುಗಿಯಿತು. ಕೆಚ್ಚಲು ತುಂಬಿ ಹಾಲು ತೊಟ್ಟಿಕ್ಕಿದರೆ ನೀಲಕ್ಕನ ಕಣ್ಣಿಗೆ ಬೀಳುತ್ತದೆಂದು ಮುಂಜಾನೆ, ಸಂಜೆ ಕೊನೆಯ ಹನಿಯವರೆಗೂ ಹಿಂಡಿದ. ಅರಿಸಿನದಂಥ ಆ ದಪ್ಪ ಹಾಲನ್ನು ಕರುವಿಗೆ ಸಾಕಾಗುವಷ್ಟು ಬಿಟ್ಟು ಉಳಿದದ್ದೆಲ್ಲ ಬಚ್ಚಲಿಗೆ ಸುರಿದ. ಗಿಣ್ಣದ ಹಾಲು ಚೆಲ್ಲಿದವರನ್ನು ಅವನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

ಕರುವನ್ನು ಎತ್ತಿಕೊಂಡು ಒಳಕೋಣೆಗೆ ತಂದ. ಸುಮಿತಾಳ ಮಂಚವಿದ್ದ ಜಾಗ ಖಾಲಿ ಇತ್ತು. ಅಲ್ಲಿ ಹುಲ್ಲು ಹಾಸಿ ಕಟ್ಟಿದ. ಕರು ಒದರಿದಾಗೆಲ್ಲ ಟಿವಿಯ ಸಪ್ಪಳ ಹೆಚ್ಚು ಮಾಡಿದ.

ನೀಲಕ್ಕ ಅವನಿಗೆ ಅಕ್ಕನಂತೆ. ಐವತ್ತೈದರ ಹೆಂಗಸು, ಮೊಣಕಾಲು ನೋವು, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ಸೋಮವಾರ ಮಧ್ಯಾಹ್ನ ಗೋಡೆಯ ಮೇಲಿಂದ ಹಣಿಕಿ ಹಾಕಿದಳು.

“ಏನೋ ಈರ್ಯಾ, ಎರಡ ದಿನ ಆತು ಕೆಲಸಕ್ಕ ಹೋಗಿಲ್ಲ, ಟಿವಿ ಮುಂದ ಕುಂತೀಯಲ್ಲ. ಟಿವ್ಯಾಗಿನ ಆಕಳ ನಿಮ್ಮ ಆಕಳಕಿಂತ ಜ್ವಾರ ಒದರತೈತಿ.”

ಮೈಗೆ ಹುಷಾರಿಲ್ಲ ಎಂದು ಈರೇಶ ಹೇಳಿದ. ಅವಳು ಅವನ ಮುಖವನ್ನೇ ನೋಡಿದಳು. ಮತ್ತೇನೂ ಕೇಳದೆ ಇಳಿದುಹೋದಳು. ಕೇಳಿದ್ದರೇ ವಾಸಿ ಇತ್ತು ಎಂದು ಅವನಿಗೆ ಅನ್ನಿಸಿತು.

ಸಂಜೆ ಆರಕ್ಕೆ ಫೋನು ಬಂತು. ಅವನು ಕರುವಿನ ಮೂತಿಯನ್ನು ಒಂದು ಕೈಯಿಂದ ಹಿಡಿದುಕೊಂಡು ಕೂತಿದ್ದ. ಚಂದ್ರಿ ಹೇಗಿದ್ದಾಳೆ ಎಂದು ಸುಮಿತಾ ಕೇಳಿದಳು. ಚಲೋ ಇದ್ದಾಳೆ ಎಂದ. ಕೆಚ್ಚಲು ಬಿಗಿದಿದೆಯೇ, ಮೊಲೆಗೆ ಹಾಲು ಇಳಿದಿದೆಯೇ ಎಂದು ಕೇಳಿದಳು.

“ಇನ್ನೂ ಈದಿಲ್ಲ,” ಅಂದ ಈರೇಶ.

ಅವಳು ಈದಿದೆಯೇ ಎಂದು ಕೇಳಿಯೇ ಇರಲಿಲ್ಲ. ಆಮೇಲೆ, ಹೋದ ಸರತಿ ಈದ ಮೇಲೆ ಚಂದ್ರಿ ಸ್ವಲ್ಪ ತೂರಾಡಿದ್ದನ್ನು ನೆನಪು ಮಾಡಿ, ಈದ ಕೂಡಲೇ ತನಗೊಂದು ಮಾತು ತಿಳಿಸಬೇಕು, ಆಗ ಏನೇನು ಮಾಡಬೇಕೆಂದು ಹೇಳುತ್ತೇನೆ ಎಂದಳು. ಆಗಲಿ ಎಂದು ಇವನು ಫೋನಿಟ್ಟ.

ಮಂಗಳವಾರ ಬೆಳಿಗ್ಗೆ ಚಂದ್ರಿ ಮೇವಿಗೆ ಬಾಯಿ ಹಾಕಲಿಲ್ಲ. ಎದ್ದು ನಿಂತರೆ ಹಿಂಗಾಲು ಅದುರುತ್ತಿತ್ತು. ಒಂಬತ್ತರ ಹೊತ್ತಿಗೆ ಕುಸಿದು ಕೂತಿತು. ಈರೇಶ ಬಾಲ ತಿರುವಿದ, ಹೆಗಲು ಕೊಟ್ಟು ನೂಕಿದ. ಏಳಲಿಲ್ಲ. ಕಿವಿ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗಿತ್ತು.

ದನದ ದವಾಖಾನೆಯ ದುಂಡೇಶ ಊರಿಗೆಲ್ಲ ಡಾಕ್ಟರು. ಅವನಿಗೆ ಒಂದು ಫೋನು ಮಾಡಿದರೆ ಬೈಕು ಹತ್ತಿ ಬರುವವನೇ. ಆದರೆ ಅವನೂ ಹಳಿಯಾಳದ ಕಡೆಯವನು, ಸುಮಿತಾಳ ತವರಿಗೆ ಬಳಕೆಯವನು. ಅವನಿಗೆ ಗೊತ್ತಾದರೆ ಮಧ್ಯಾಹ್ನದೊಳಗೆ ಅಲ್ಲಿಗೂ ಗೊತ್ತು. ಈರೇಶ ಬೆಲ್ಲದ ನೀರು ಕಾಸಿದ. ಬೆನ್ನಿಗೆ ಗೋಣಿ ಹೊದಿಸಿದ. ಬಿಸಿಲು ಬಿದ್ದರೆ ಎದ್ದೀತು ಎಂದು ತಟ್ಟಿ ಸರಿಸಿದ. ಬಿಸಿಲು ಬಿತ್ತು. ಹತ್ತು ಹೊಡೆಯಿತು, ಹನ್ನೊಂದಾಯಿತು. ಅವನು ಬಾಗಿಲಿಗೂ ಮೇವಿನ ಗೋದಲಿಗೂ ನಡೆದಾಡಿದ. ಒಳಗೆ ಕರು ಹಸಿದು ಒದರುತ್ತಿತ್ತು. ಅದಕ್ಕೆ ಉತ್ತರವಾಗಿ ಒದರಬೇಕಾದ ತಾಯಿ ಒದರುತ್ತಿರಲಿಲ್ಲ.

ಹನ್ನೊಂದೂವರೆಗೆ ಚಂದ್ರಿ ಕುತ್ತಿಗೆಯನ್ನು ಹಿಂದಕ್ಕೆ ತಿರುವಿ ಮೂತಿಯನ್ನು ತನ್ನ ಪಕ್ಕೆಗೆ ಇಟ್ಟುಕೊಂಡಿತು. ಅವನು ಅದರ ಮುಖವನ್ನು ಮುಂದಕ್ಕೆ ತಿರುಗಿಸಿದ. ಬಿಟ್ಟ ಕೂಡಲೇ ಅದು ತಿರುಗಿ ಅಲ್ಲಿಗೇ ಹೋಯಿತು. ಕಣ್ಣು ತೆರೆದೇ ಇತ್ತು, ನೋಡುತ್ತಿರಲಿಲ್ಲ.

ಆಗ ಫೋನು ಮಾಡಿದ. ದುಂಡೇಶ ಲಸಿಕೆ ಹಾಕಲು ದೂರದ ಹಳ್ಳಿಗೆ ಹೋಗಿದ್ದ. ಈದು ಎರಡು ದಿನವಾಯಿತು ಎಂದು ಕೇಳಿ ಬಾಯಿಗೆ ಬಂದಂತೆ ಬೈದು, ಹೊರಟೆ, ಒಂದು ತಾಸಾದರೂ ಬೇಕು ಎಂದು ಇಟ್ಟ. ಒಂದು ತಾಸು ಏನು ಮಾಡಬೇಕು? ಹೋದ ಸರತಿ ಹೀಗಾದಾಗ ಈರೇಶ ಗೋವಾದಲ್ಲಿದ್ದ. ಏನು ಮಾಡಬೇಕೆಂದು ಗೊತ್ತಿದ್ದವಳು ಒಬ್ಬಳೇ.

ಮಂಗಳವಾರ ಅವನ ಫೋನು ಬಂದದ್ದಕ್ಕೇ ಸುಮಿತಾಳಿಗೆ ಅರ್ಧ ತಿಳಿದಿರಬೇಕು.

“ಏನಾತ್ರೀ?”

“ಚಂದ್ರಿ ಬಿದ್ದಾಳ. ರವಿವಾರ ಈದಾಳ. ನಿನ್ನಿ ನಾ ಸುಳ್ಳ ಹೇಳಿದೆ.”

ಅವಳು ಬೈಯಲಿಲ್ಲ. ಒಂದಾದ ಮೇಲೊಂದು ಕೇಳಿದಳು. ಕುತ್ತಿಗೆ ತಿರುವಿದ್ದಾಳೆಯೇ, ಮಗ್ಗುಲಾಗಿದ್ದಾಳೆಯೇ, ಹಾಲು ಎಷ್ಟು ಹಿಂಡಿದಿರಿ. ಪೂರ್ತಿ ಹಿಂಡಿದೆ ಎಂದು ಅವನು ಅಂದಾಗ ಅವಳ ಉಸಿರು ಫೋನಿನಲ್ಲಿ ಕೇಳಿಸಿತು. ಹಾಲು ಜಾಸ್ತಿ ಇರುವ ಆಕಳನ್ನು ಮೊದಲ ಮೂರು ದಿನ ಖಾಲಿ ಮಾಡಬಾರದು. ಮೈಯೊಳಗಿನ ಸುಣ್ಣವೆಲ್ಲ ಹಾಲಿನೊಡನೆ ಇಳಿದುಹೋಗುತ್ತದೆ. ಹೋದ ಸರತಿ ಡಾಕ್ಟರು ಅವಳಿಗೆ ಹೇಳಿದ್ದರು. ಈರೇಶನಿಗೆ ಅವಳು ಹೇಳಿದ್ದಳೋ ಇಲ್ಲವೋ. ಹೇಳಿದ್ದರೂ ಅವನು ಹಿತ್ತಲಿಗೆ ಎದ್ದುಹೋಗಿರಬೇಕು.

ಅವಳು ಹೇಳಿದಂತೆ ಮಾಡಿದ. ಬಾಯಿಗೆ ನೀರು ಸುರಿಯುವಂತಿಲ್ಲ. ಮಗ್ಗುಲಿಗೆ ಬೀಳಲು ಬಿಡುವಂತಿಲ್ಲ, ಬಿದ್ದರೆ ಹೊಟ್ಟೆ ಉಬ್ಬುತ್ತದೆ. ಮನೆಯ ಮುಂದೆ ಕೆಲಸಕ್ಕೆಂದು ತಂದ ಉಸುಕು ಇತ್ತು. ಗೋಣಿಚೀಲಗಳಿಗೆ ತುಂಬಿ ತಂದು ಚಂದ್ರಿಯ ಎರಡೂ ಮಗ್ಗುಲಿಗೆ ಒತ್ತಿಟ್ಟ, ಒಂದರ ಮೇಲೊಂದು, ಜಾರದಂತೆ. ಆಮೇಲೆ ಗೋದಲಿಯ ಮೇಲೆ ಫೋನಿಟ್ಟು, ನೆಲಕ್ಕೆ ಕೂತು, ಆಕಳಿನ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡ. ಇನ್ನೊಂದು ಕೈಯಿಂದ ಕುತ್ತಿಗೆ ತಿಕ್ಕುತ್ತಿದ್ದ. ಸುಮಿತಾ ಫೋನು ಇಡಲಿಲ್ಲ. ನಡುನಡುವೆ, ಉಸಿರಾಡುತ್ತಿದ್ದಾಳೆಯೇ ಎನ್ನುವಳು. ಹೂಂ ಎನ್ನುವನು.

ಕಾಲು ತಾಸು ಹಾಗೆ ಹೋಯಿತು.

“ಯಾಕ ಸುಳ್ಳ ಹೇಳಿದ್ರಿ?” ಅಂದಳು.

ಈರೇಶ ಏಳಬೇಕೆಂದುಕೊಂಡ. ಅವನ ಕಾಲು ಹಿತ್ತಲಿನ ದಾರಿ ಬಲ್ಲವು. ಆದರೆ ತೊಡೆಯ ಮೇಲೆ ಚಂದ್ರಿಯ ತಲೆ ಇತ್ತು.

“ಈದೈತಿ ಅಂದ್ರ ನೀ ಫೋನ್ ಮಾಡೂದ ನಿಲ್ಲತೈತಿ.”

“ಅದಕ್ಕ ನನ್ನ ಆಕಳನ್ನ ಕೊಲ್ಲತಿದ್ರ್ಯಾ?”

ಚಂದ್ರಿಯ ಮೂಗಿನ ಹತ್ತಿರ ಅಂಗೈ ಹಿಡಿದ. ಉಸಿರು ಇತ್ತು, ತೆಳ್ಳಗೆ. ಬೈಕಿನ ಸಪ್ಪಳ ಬಂದಂತಾಗಿ ತಲೆ ಎತ್ತಿದ. ಯಾರದೋ ಬೈಕು, ಮುಂದೆ ಹೋಯಿತು. ಈ ತಲೆ ತನ್ನ ಕೈಯಲ್ಲೇ ಸತ್ತರೆ ಇನ್ನು ಯಾವ ಬಾಯಿಂದ ಏನು ಹೇಳುವುದು ಎಂದು ಅವನಿಗೆ ಹೆದರಿಕೆಯಾಯಿತು. ಹೇಳುವುದಿದ್ದರೆ ಈಗಲೇ.

“ಅವತ್ತ ದವಾಖಾನ್ಯಾಗ ನಾ ಇರಬೇಕಾಗಿತ್ತು,” ಅಂದ.

ಫೋನು ಕಟ್ಟಾಯಿತೇನೋ ಎಂದು ಗೋದಲಿಯ ಕಡೆ ನೋಡಿದ.

“ಹೌದ್ರೀ. ಇರಬೇಕಾಗಿತ್ತು.”

“ನನಗ ಮಾತ ಬರಲಿಲ್ಲ.”

“ಮಾತ ಯಾರ ಬೇಡಿದ್ರು?” ಸುಮಿತಾಳ ದನಿ ಒಡೆದಿತ್ತು. “ಮಗ್ಗಲದಾಗ ಕುಂತಿದ್ರ ಸಾಕಾಗಿತ್ತು.”

ಅವಳು ಅತ್ತಳು. ಅವನು ಕೇಳುತ್ತ ಕೂತ. ಸಮಾಧಾನ ಹೇಳಲು ಹೋಗಲಿಲ್ಲ, ಎದ್ದೂ ಹೋಗಲಿಲ್ಲ.

ದುಂಡೇಶ ಬಂದಾಗ ಒಂದು ದಾಟಿತ್ತು. ಅವನ ಹಿಂದೆ ನೀಲಕ್ಕನೂ ಬಂದಳು, ಒಂದು ಕೈಯಿಂದ ಮೊಣಕಾಲು ಹಿಡಿದುಕೊಂಡು. ಒಳಗಿನಿಂದ ಕರು ಒದರಿತು. ನೀಲಕ್ಕ ಟಿವಿ ಬಂದ್ ಆಗಿರುವುದನ್ನು ನೋಡಿದಳು, ಈರೇಶನನ್ನು ನೋಡಿದಳು. ಮಾತಾಡದೆ ಒಳಗೆ ಹೋಗಿ ಕರುವನ್ನು ಎತ್ತಿ ತಂದು ಚಂದ್ರಿಯ ಮೂತಿಯ ಹತ್ತಿರ ಬಿಟ್ಟಳು. ದುಂಡೇಶ ಔಷಧದ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಜಂತಿಗೆ ತೂಗುಹಾಕಿ, ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿದ. ಹನಿಹನಿಯಾಗಿ ಬಿಟ್ಟ. ಅವಸರ ಮಾಡಿದರೆ ಎದೆ ನಿಲ್ಲುತ್ತದೆ ಎಂದು, ಎದೆಯ ಮೇಲೆ ಕೈಯಿಟ್ಟು ಎಣಿಸುತ್ತ ಕೂತ. ಫೋನು ಗೋದಲಿಯ ಮೇಲೆ ಹಾಗೇ ಇತ್ತು.

ಬಾಟಲಿ ಅರ್ಧಕ್ಕಿಳಿದಾಗ ಚಂದ್ರಿಯ ಮೈ ಜುಮ್ಮೆಂದು ನಡುಗಿತು. ಡರ್ರನೆ ತೇಗಿತು. ಬಾಟಲಿ ಮುಗಿದು ಸ್ವಲ್ಪ ಹೊತ್ತಿಗೆ ಸಗಣಿ ಹಾಕಿತು. ದುಂಡೇಶ ಮೊದಲ ಸಲ ನಕ್ಕ. ಅದು ಹಿಂಗಾಲು ಊರಿ, ಉಸುಕಿನ ಚೀಲ ಉರುಳಿಸಿ, ಎದ್ದು ನಿಂತು ಕರುವನ್ನು ನೆಕ್ಕತೊಡಗಿತು.

“ಎದ್ಲು,” ಅಂದ ಈರೇಶ ಫೋನಿಗೆ.

ಎಲ್ಲರೂ ಹೊರಗೆ ಹೋದ ಮೇಲೆ ಸುಮಿತಾ ಹೇಳಿದಳು. ಹೋಳಿ ಹುಣ್ಣಿಮೆ ಕಳೆದ ಮೇಲೆ ತನ್ನ ಉಡಕಿ ಇದೆ. ಎರಡನೆಯ ಮದುವೆ, ಗದ್ದಲವಿಲ್ಲ, ಮನೆಯವರೇ ನಾಲ್ಕು ಮಂದಿ. ಬೇರೆಯವರ ಬಾಯಿಂದ ಗೊತ್ತಾಗಬಾರದೆಂದು ತಾನೇ ಹೇಳಬೇಕೆಂದಿದ್ದಳು, ಎರಡು ಸೋಮವಾರ ಹೇಳಲಾಗಲಿಲ್ಲ. ಈರೇಶ ಗೋದಲಿಯ ಅಂಚನ್ನು ಹಿಡಿದುಕೊಂಡ. ಅದನ್ನು ಅವನೇ ಕಟ್ಟಿದ್ದು, ಗಟ್ಟಿಯಾಗಿತ್ತು.

“ಹೆಂಗದಾನ ಮನಷ್ಯಾ?”

ಅವನು ಹೀಗೆ ಕೇಳುತ್ತಾನೆಂದು ಅವಳು ಎಣಿಸಿರಲಿಲ್ಲ.

“ಮಾತಾಡ್ತಾರ್ರೀ,” ಅಂದಳು. ಆಮೇಲೆ ಮೂಗೊರೆಸಿಕೊಂಡು, “ಭಾಳ ಮಾತಾಡ್ತಾರ.”

ಮರುದಿನದ ಹಾಲು ತೆಳುವಾಗಿತ್ತು. ಆದರೂ ಈರೇಶ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಕಾಸಿ ಐದು ಮನೆಗೆ ಕೊಟ್ಟು ಬಂದ. ಅರ್ಧ ಗಿಣ್ಣ, ಅರ್ಧ ನೀರು. ಬಚ್ಚಲಿನ ಮೋರಿಯಲ್ಲಿ ಹಾಲಿನ ಕಲೆ ಕಂಡಿದ್ದ ನೀಲಕ್ಕ ಒಂದು ಚಮಚ ಬಾಯಿಗೆ ಹಾಕಿಕೊಂಡು, ಚಲೋ ಹಾಲು ಬಚ್ಚಲಕ್ಕ, ಕಲಗಚ್ಚು ನಮಗ ಎಂದಳು. ಆದರೂ ಬೋಗುಣಿ ಖಾಲಿ ಕೊಡಬಾರದೆಂದು ಚಂದ್ರಿಗೆ ಒಂದು ಹಿಡಿ ಹಿಂಡಿ ಹಾಕಿಯೇ ಕೊಟ್ಟಳು.

ಹತ್ತನೆಯ ದಿನ ಸುಮಿತಾಳ ತಮ್ಮ ಸುಭಾಸ ಟೆಂಪೋ ತಂದ. ಅವಳು ಬಂದಿರಲಿಲ್ಲ. ಸುಭಾಸನ ಮುಖ ಬಿಗಿದಿತ್ತು, ಚಹಾ ಬೇಡ ಎಂದ. ಈರೇಶ ಬೆಳಿಗ್ಗೆಯೇ ಚಂದ್ರಿಯ ಮೈ ತೊಳೆದು ಬಿಳಿ ಬೊಟ್ಟಿನ ಮೇಲೆ ವಿಭೂತಿ ಎಳೆದಿದ್ದ. ಟೆಂಪೋಕ್ಕೆ ಹಲಗೆ ಹಚ್ಚಿದರು. ಸುಭಾಸ ಮುಂದಿನಿಂದ ಜಗ್ಗಿದ, ಡ್ರೈವರ್ ಹಿಂದಿನಿಂದ ನೂಕಿದ. ಚಂದ್ರಿ ನಾಲ್ಕೂ ಕಾಲು ಊರಿ ನಿಂತಿತು. ಈರೇಶ ಸ್ವಲ್ಪ ಹೊತ್ತು ನೋಡಿದ. ಅದು ಹಟ ಹಿಡಿಯಲಿ ಎಂದು ಒಳಗೊಳಗೇ ಆಸೆಯೂ ಆಯಿತು. ಆಮೇಲೆ ಕರುವನ್ನು ಎರಡೂ ತೋಳಲ್ಲಿ ಎತ್ತಿಕೊಂಡು ತಾನೇ ಹಲಗೆ ಹತ್ತಿದ. ಚಂದ್ರಿ ಅವನ ಹಿಂದೆ ತಾನಾಗಿ ಹತ್ತಿ ಬಂತು.

ದನ ಮಾರಿದವರು ದನ ಕೊಟ್ಟರೂ ಕಣ್ಣಿ ಕೊಡುವುದಿಲ್ಲ. ಹಗ್ಗ ಮನೆಯಲ್ಲಿದ್ದರೆ ಮನೆಯ ಕಳೆ ಮನೆಯಲ್ಲೇ ಉಳಿಯುತ್ತದೆ ಎನ್ನುತ್ತಾರೆ. ಸುಭಾಸ ಹೊಸ ಹಗ್ಗ ತಂದಿದ್ದ, ಹಳೆಯದನ್ನು ಬಿಚ್ಚಿಕೊಳ್ಳಿರಿ ಎಂದ.

“ಇರ್ಲಿ ಬಿಡು,” ಅಂದ ಈರೇಶ. “ಮಾರಿಲ್ಲಲ್ಲ ನಾ. ಅಕಿದು ಅಕಿಗೆ.”

ಹೊಸ ಹಗ್ಗವನ್ನು ಕರುವಿಗೆ ಕಟ್ಟಿದ. ಮುಂದಿನ ಸರತಿ ಈದಾಗ ಮೂರು ದಿನ ಪೂರ್ತಿ ಹಿಂಡಬಾರದು ಎಂದು ಸುಭಾಸನಿಗೆ ಹೇಳಿದ. ಎರಡು ಸಲ ಹೇಳಿದ. ಟೆಂಪೋ ಹೊರಟಿತು. ಕೆರೆಯ ಏರಿ ದಾಟುವವರೆಗೂ ಕರು ಒದರುವುದು, ತಾಯಿ ಉತ್ತರ ಕೊಡುವುದು ಕೇಳಿಸುತ್ತಿತ್ತು.

ಮುಂದಿನ ಸೋಮವಾರ ಅವನು ಕೆಲಸದಿಂದ ಬೇಗ ಬಂದ. ಐದೂಮುಕ್ಕಾಲಿಗೆ ಕೈಕಾಲು ತೊಳೆದು, ಅಭ್ಯಾಸದಂತೆ ಗೋದಲಿಯ ಹತ್ತಿರ ಕೂತ. ಆರಾಯಿತು. ಜೇಬು ಮುಟ್ಟಿ ನೋಡಿದ. ಫೋನಿನಲ್ಲಿ ಚಾರ್ಜು ಇತ್ತು, ರೇಂಜೂ ಇತ್ತು. ಆರೂ ಹತ್ತಾಯಿತು. ಫೋನು ಬರುವುದಿಲ್ಲವೆಂದು ಗೊತ್ತಿದ್ದೂ ಆರೂ ಇಪ್ಪತ್ತರವರೆಗೆ ಕೂತ. ಆಮೇಲೆ ಎದ್ದ. ಕಾಲು ಹಿತ್ತಲಿನ ಕಡೆ ತಿರುಗಿದವು. ನಿಂತ. ನೀಲಕ್ಕ ಹಿಂಡಿ ಹಾಕಿ ಕೊಟ್ಟಿದ್ದ ಬೋಗುಣಿಗೆ ಒಂದು ಹಿಡಿ ಶೇಂಗಾ ಹಾಕಿಕೊಂಡು ಅವಳ ಮನೆಯ ಕಟ್ಟೆ ಹತ್ತಿದ.

ಅವಳು ಕಾಲು ಚಾಚಿಕೊಂಡು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಅವನು ಬೋಗುಣಿ ಇಟ್ಟ. ಹೊರಡಲಿಲ್ಲ. ಅವಳ ಮಗ್ಗುಲಲ್ಲೇ ಕೂತ.

“ಮೊಣಕಾಲ ಹೆಂಗದಾವ ಅಕ್ಕಾ?”

ನೀಲಕ್ಕನ ಕೈ ನಿಂತಿತು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಇಪ್ಪತ್ತ ವರ್ಷ ಆತು ನೋಯಾಕ ಹತ್ತಿ. ಇವತ್ತ ಕೇಳಾಕ ಬಂದ್ಯಾ?” ಎಂದಳು. ಒಂದು ಮುಷ್ಟಿ ಮೆಣಸಿನಕಾಯಿಯನ್ನು ಅವನ ಮುಂದೆ ಸುರಿದಳು. “ಕುಂದರು. ತೊಟ್ಟ ಮುರಿ. ಹೇಳತೇನಿ.”

ಅವಳು ಹೇಳತೊಡಗಿದಳು. ಅದು ಬಹಳ ಉದ್ದದ ಕತೆ. ಈರೇಶ ತೊಟ್ಟು ಮುರಿಯುತ್ತ ಕೇಳಿದ. ಒಂದೆರಡು ಸಲ ಕೈ ಜೇಬಿಗೆ ಹೋಯಿತು. ನಡುವೆ ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ, ಮುಂದ ಏನಾತು ಎಂದು ಅವನೇ ಕೇಳಿದ.